ಒಂದು ವರ್ಷ ಮೀಟರ್ ಹಾಕಿ ನೋಡಿದ ನಮ್ಮ ಮನೆಯ ಫ್ರಿಜ್

ಫ್ರಿಜ್ ತಗೊಂಡ ಎರಡನೇ ದಿನಕ್ಕೇ ಬರೆದ ರಿವ್ಯೂಗಳನ್ನು ನಾನು ತುಂಬಾ ಓದಿದ್ದೇನೆ. ಬಣ್ಣ ಚೆನ್ನಾಗಿದೆ, ಡೆಲಿವರಿ ಬೇಗ ಬಂತು, ಮುಗೀತು. ನನಗೆ ಬೇಕಿದ್ದದ್ದು ಬೇರೆ. ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಕರೆಂಟ್ ಎಳೆಯುತ್ತದೆ, ಮಳೆಗಾಲದಲ್ಲಿ ಎಷ್ಟು, ಮನೆಗೆ ಬೀಗ ಹಾಕಿ ಊರಿಗೆ ಹೋದರೆ ಎಷ್ಟು? ಇದನ್ನು ಯಾರೂ ಬರೆದಿರಲಿಲ್ಲ. ಅದಕ್ಕೇ ನಾನೇ ಒಂದು ವರ್ಷ ಅಳೆದೆ. ಈಗ ಬರೆಯುತ್ತಿದ್ದೇನೆ.

ನಾವಿರುವುದು ದಾವಣಗೆರೆಯಲ್ಲಿ. ಮನೆಯಲ್ಲಿ ಐದು ಜನ. ತಗೊಂಡಿದ್ದು 190 ಲೀಟರ್‌ನ ಒಂದೇ ಬಾಗಿಲಿನ ಫ್ರಿಜ್, ಡೈರೆಕ್ಟ್ ಕೂಲ್ (ಅಂದರೆ ಫ್ರೀಜರ್‌ನಲ್ಲಿ ಕಟ್ಟಿದ ಹಿಮವನ್ನು ಆಗಾಗ ನಾವೇ ತೆಗೆಯಬೇಕು), ಇನ್ವರ್ಟರ್ ಕಂಪ್ರೆಸರ್ (ಬೇಕಾದಷ್ಟೇ ವೇಗದಲ್ಲಿ ಓಡುವಂಥದ್ದು), 3 ಸ್ಟಾರ್. ಬೆಲೆ 17,500 ರೂ. ಲೇಬಲ್ ಮೇಲೆ ವರ್ಷಕ್ಕೆ 154 ಯೂನಿಟ್ ಎಂದು ಬರೆದಿದೆ. ಕಂಪನಿ ಹೆಸರು ಹೇಳುವುದಿಲ್ಲ, ಯಾಕೆಂದರೆ ಮುಂದೆ ಒಂದು ದೂರು ಬರುತ್ತದೆ, ಅದು ನಮಗೆ ಬಂದ ಒಂದು ಪೀಸಿನದ್ದು ಮಾತ್ರ ಇರಬಹುದು.

ಹಳೆಯ ಫ್ರಿಜ್ 2009ರದ್ದು, ಎರಡು ಬಾಗಿಲಿನ ಫ್ರಾಸ್ಟ್ ಫ್ರೀ. ಆಗ ಸ್ಟಾರ್ ಲೇಬಲ್ ಇದ್ದರೂ ಕಡ್ಡಾಯ ಇರಲಿಲ್ಲ. ಕರೆಂಟ್ ಉಳಿತಾಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ 2006ರಲ್ಲಿ ಲೇಬಲ್ ಶುರು ಮಾಡಿತು, ಫ್ರಾಸ್ಟ್ ಫ್ರೀ ಫ್ರಿಜ್‌ಗಳಿಗೆ ಕಡ್ಡಾಯವಾಗಿದ್ದು 2010ರಲ್ಲಿ. ಹಾಗಾಗಿ ನಮ್ಮ ಹಳೇದು ಎಷ್ಟು ಕುಡಿಯುತ್ತದೆ ಎಂದು ಹದಿನೈದು ವರ್ಷ ನಮಗೆ ಗೊತ್ತೇ ಇರಲಿಲ್ಲ. ಅದನ್ನು ಮಾರುವ ಮೊದಲು ಒಂದು ವಾರ ಮೀಟರ್ ಹಾಕಿ ನೋಡಿದೆ. ದಿನಕ್ಕೆ 1.4 ಯೂನಿಟ್! ತಿಂಗಳಿಗೆ 42. ಫ್ರಾಸ್ಟ್ ಫ್ರೀ ಅಂದರೆ ಒಳಗೊಂದು ಫ್ಯಾನ್, ಕಟ್ಟಿದ ಹಿಮ ಕರಗಿಸಲು ಒಂದು ಹೀಟರ್, ಮೇಲಿಂದ ವಯಸ್ಸಾದ ರಬ್ಬರ್. ತಣ್ಣಗೆ ಮಾಡುವ ಪೆಟ್ಟಿಗೆಯೊಳಗೇ ಒಂದು ಹೀಟರ್ ಇರುತ್ತದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ.

ಮೀಟರ್ ಅಂದೆನಲ್ಲ, ಅದು 900 ರೂಪಾಯಿಯ ಪ್ಲಗ್ ಮೀಟರ್. ಗೋಡೆಯ ಸಾಕೆಟ್‌ಗೆ ಅದು, ಅದಕ್ಕೆ ಫ್ರಿಜ್‌ನ ಪ್ಲಗ್. ಜೊತೆಗೆ ಕೋಣೆಯ ಬಿಸಿ ಮತ್ತು ತೇವ ತೋರಿಸುವ ಒಂದು ಸಣ್ಣ ಥರ್ಮಾಮೀಟರ್, 250 ರೂ. ಫ್ರಿಜ್ ಪಕ್ಕ ಮೊಳೆಗೆ ಒಂದು ನೋಟ್‌ಬುಕ್ ನೇತುಹಾಕಿ, ದಾರದಲ್ಲಿ ಪೆನ್ಸಿಲ್ ಕಟ್ಟಿದೆ. ದಿನಾ ರಾತ್ರಿ ಊಟ ಆದ ಮೇಲೆ ಒಂದು ಸಾಲು: ತಾರೀಕು, ಯೂನಿಟ್, ಅಡುಗೆಮನೆಯ ಬಿಸಿ, ಒಳಗಿಟ್ಟ ಬಾಟ್ಲಿ ಎಷ್ಟು. ಇಷ್ಟೇ. ಮಗ ಎರಡು ವಾರ ಬಾಗಿಲು ತೆಗೆದಾಗಲೆಲ್ಲ ಒಂದೊಂದು ಗೀಟು ಹಾಕಿದ. ದಿನಕ್ಕೆ ಸರಾಸರಿ 40 ಗೀಟು.

ಈಗ ಅಂಗಡಿಯ ಮಾತು. ಸೇಲ್ಸ್‌ನವರು ಹೇಳಿದ್ದು, "ಲೇಬಲ್‌ನಲ್ಲಿರೋದು ಜಾಸ್ತಿನೇ ಬರೆದಿರ್ತಾರೆ ಮೇಡಂ, ಅಷ್ಟೂ ಬರಲ್ಲ." ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಗ್ರಾಹಕರು, "ಲೇಬಲ್ ಎಲ್ಲಾ ಸುಳ್ಳು, ಡಬಲ್ ಬರತ್ತೆ" ಅಂದರು. ಯಾರ ಮಾತು ನಿಜ? ಗೊತ್ತಾಗಬೇಕು ಅಂದರೆ ಫ್ರಿಜ್ ತನ್ನಷ್ಟಕ್ಕೆ ತಾನು ಎಷ್ಟು ತಿನ್ನುತ್ತದೆ, ನಾವು ಬಳಸುವುದರಿಂದ ಎಷ್ಟು ಸೇರುತ್ತದೆ, ಎರಡನ್ನೂ ಬೇರೆ ಬೇರೆ ಮಾಡಬೇಕು.

ಆ ಅವಕಾಶ ದೀಪಾವಳಿಗೆ ಸಿಕ್ಕಿತು. ನಾಲ್ಕು ದಿನ ಮನೆಗೆ ಬೀಗ. ಫ್ರಿಜ್ ಬಿಟ್ಟು ಎಲ್ಲಾ ಆಫ್. ವಾಪಸ್ ಬಂದು ನೋಡಿದಾಗ ಪ್ಲಗ್ ಮೀಟರ್ 1.24 ಯೂನಿಟ್ ತೋರಿಸುತ್ತಿತ್ತು, ಹೊರಗಿನ ಬೆಸ್ಕಾಂ ಮೀಟರ್ 1.2 ಏರಿತ್ತು. ಅಂದರೆ ಅಗ್ಗದ ಮೀಟರ್ ಆದರೂ ನಂಬಬಹುದು, ಸದ್ಯ. ದಿನಕ್ಕೆ 0.31 ಯೂನಿಟ್. ಆಗ ಅಡುಗೆಮನೆ 26 ಡಿಗ್ರಿ ಇತ್ತು.

ಏಪ್ರಿಲ್‌ನಲ್ಲಿ ಮದುವೆಗೆ ಹೋಗಿ ಮೂರು ದಿನ ಬಿಟ್ಟು ಬಂದಾಗ ದಿನಕ್ಕೆ 0.46. ಅಡುಗೆಮನೆ 34 ಡಿಗ್ರಿ. ಬಾಗಿಲನ್ನು ಯಾರೂ ಮುಟ್ಟಿಲ್ಲ, ಒಳಗೆ ಅದೇ ಉಪ್ಪಿನಕಾಯಿ, ಅದೇ ಬೆಣ್ಣೆ. ಬರೀ 8 ಡಿಗ್ರಿಗೆ ಒಂದೂವರೆ ಪಟ್ಟು. ಒಂದೊಂದು ಡಿಗ್ರಿಗೆ ಹತ್ತಿರ ಹತ್ತಿರ 0.019 ಯೂನಿಟ್.

ಕಾರಣ ಎರಡು. ಹೊರಗೆ ಬಿಸಿ ಜಾಸ್ತಿ ಆದಷ್ಟೂ ಗೋಡೆಯೊಳಗಿನ ಫೋಮ್ ದಾಟಿ, ಬಾಗಿಲ ರಬ್ಬರ್ ಪಕ್ಕದಿಂದ, ಶಾಖ ಒಳಗೆ ಜಾಸ್ತಿ ನುಗ್ಗುತ್ತದೆ. ಇದು ಎಲ್ಲರಿಗೂ ಹೊಳೆಯುವ ಮಾತು. ಇನ್ನೊಂದು ಇದೆ. ಹಾಗೆ ನುಗ್ಗಿದ ಶಾಖವನ್ನು ಕಂಪ್ರೆಸರ್ ಹೊರಗಿನ ಬಿಸಿ ಗಾಳಿಗೇ ಬಿಡಬೇಕಲ್ವಾ? ಬಾವಿ ಆಳವಾದಷ್ಟೂ ಒಂದು ಕೊಡ ನೀರು ಸೇದಲು ಶ್ರಮ ಜಾಸ್ತಿ. ಹಾಗೆಯೇ ಇದು. ಸೇದಬೇಕಾದ ಕೊಡಗಳೂ ಜಾಸ್ತಿ, ಬಾವಿಯೂ ಆಳ. ಬೇಸಿಗೆಯಲ್ಲಿ ಫ್ರಿಜ್‌ಗೆ ಎರಡು ಕಡೆಯಿಂದ ಪೆಟ್ಟು.

ಎರಡು ಚುಕ್ಕಿ ಇಟ್ಟರೆ ಗೆರೆ ಯಾರು ಬೇಕಾದರೂ ಎಳೆಯಬಹುದು, ಮೂರನೆಯದು ಅದರ ಮೇಲೆ ಕೂರಬೇಕು. ಜನವರಿಯಲ್ಲಿ ಎರಡು ದಿನ ಊರಿಗೆ ಹೋಗಿದ್ದೆವು, ಅಡುಗೆಮನೆ 24 ಡಿಗ್ರಿ. ಗೆರೆ ಹೇಳುವ ಪ್ರಕಾರ 0.27 ಬರಬೇಕು. ಬಂದಿದ್ದು 0.28. ನನಗಾದ ಖುಷಿ ಹೇಳಲಾರೆ.

ಇನ್ನು ಲೇಬಲ್. 154 ಅನ್ನು 365ರಿಂದ ಭಾಗಿಸಿದರೆ ದಿನಕ್ಕೆ 0.42. ಫ್ರಿಜ್ ಪರೀಕ್ಷೆಯ ಅಂತರರಾಷ್ಟ್ರೀಯ ನಿಯಮ ಐಇಸಿ 62552. ಅದರಲ್ಲಿ ಬಾಗಿಲು ಮುಚ್ಚಿ, ಕೋಣೆಯನ್ನು 16 ಡಿಗ್ರಿಯಲ್ಲಿ ಒಮ್ಮೆ, 32 ಡಿಗ್ರಿಯಲ್ಲಿ ಒಮ್ಮೆ ಇಟ್ಟು ಅಳೆಯುತ್ತಾರೆ. ನಮ್ಮಂಥ ಊರಿಗೆ 32 ಹತ್ತಿರ. ನನ್ನ ಗೆರೆಯಲ್ಲಿ 32 ಹಾಕಿ ನೋಡಿದೆ. 0.31ಕ್ಕೆ ಆರು ಡಿಗ್ರಿಯ 0.114 ಸೇರಿಸಿದರೆ 0.424. ಅಂದರೆ ಲೇಬಲ್ ಸುಳ್ಳು ಹೇಳಿಲ್ಲ. ಅಂಗಡಿಯವರೂ ಸರಿಯಿಲ್ಲ, ಪಕ್ಕದವರೂ ಸರಿಯಿಲ್ಲ. ಯಾರೂ ಬಾಗಿಲು ತೆಗೆಯದ, ಏನೂ ಹೊಸದಾಗಿ ಇಡದ ಫ್ರಿಜ್ ಎಷ್ಟು ತಿನ್ನುತ್ತದೋ ಅಷ್ಟನ್ನು ಲೇಬಲ್ ಸರಿಯಾಗಿ ಹೇಳುತ್ತದೆ. ಅದರ ಮೇಲೆ ಬರುವುದೆಲ್ಲ ನಮ್ಮ ಮನೆಯ ಲೆಕ್ಕ.

ಆ ನಮ್ಮ ಲೆಕ್ಕ ಎಷ್ಟು? ಏಪ್ರಿಲ್‌ನಲ್ಲಿ ನಾವು ಮನೆಯಲ್ಲೇ ಇದ್ದ ದಿನಗಳ ಸರಾಸರಿ 0.68 ಯೂನಿಟ್. ಬಾಗಿಲು ಮುಚ್ಚಿದ ಲೆಕ್ಕ 0.46. ಉಳಿದ 0.22 ನಮ್ಮದು.

ಇದಕ್ಕೆ ಕಾರಣ ಮಕ್ಕಳು ಪದೇ ಪದೇ ಬಾಗಿಲು ತೆಗೆಯುವುದು ಎಂದು ಅತ್ತೆಯೂ ನಾನೂ ಗಟ್ಟಿಯಾಗಿ ನಂಬಿದ್ದೆವು. ದಿನಾ ಬೈಗುಳ. ಕೂತು ಲೆಕ್ಕ ಹಾಕಿದಾಗ ಬೇರೆಯೇ ಬಂತು. ಫ್ರಿಜ್ ಒಳಗಿರುವ ಗಾಳಿಯ ತೂಕ ಕಾಲು ಕಿಲೋ ಕೂಡ ಇಲ್ಲ. ಪೂರ್ತಿ ಗಾಳಿ ಹೊರಗೆ ಹೋಗಿ ಬಿಸಿ ಗಾಳಿ ತುಂಬಿಕೊಂಡರೂ ಒಂದು ಸಲಕ್ಕೆ ಒಳಗೆ ಬರುವ ಶಾಖ ಸುಮಾರು 9 ಕಿಲೋಜೌಲ್ (ಶಾಖ ಅಳೆಯುವ ಮಾನ). ಅರೆಬರೆ ತೆಗೆದು ಮುಚ್ಚುವುದೇ ಜಾಸ್ತಿ, ಹಾಗಾಗಿ ಅರ್ಧ ಹಿಡಿಯಿರಿ. 40 ಸಲಕ್ಕೆ 180 ಆಯಿತು. ಬಾಟ್ಲಿಗಳಿಗೆ ಬನ್ನಿ. ಒಂದು ಲೀಟರ್ ನೀರು ಒಂದು ಡಿಗ್ರಿ ತಣ್ಣಗಾಗಲು 4.18 ಕಿಲೋಜೌಲ್ ತೆಗೆಯಬೇಕು. ಏಪ್ರಿಲ್‌ನಲ್ಲಿ ನಮ್ಮ ಸಿಂಟೆಕ್ಸ್ ನೀರು ಕೈಗೆ ಬೆಚ್ಚಗೆ ತಾಕುತ್ತದೆ, ಫಿಲ್ಟರ್‌ನಿಂದ ಬರುವುದೂ 34 ಡಿಗ್ರಿ. ಅದನ್ನು 8ಕ್ಕೆ ಇಳಿಸಬೇಕು. ದಿನಕ್ಕೆ ಎಂಟು ಲೀಟರ್ ಬಾಟ್ಲಿ. 870 ಕಿಲೋಜೌಲ್! ಮಜ್ಜಿಗೆಗೆ, ಪಾನಕಕ್ಕೆ ಅಂತ ಮಾಡುವ ಅರ್ಧ ಕಿಲೋ ಐಸ್‌ಗೆ ಇನ್ನೊಂದು 250. ಒಟ್ಟು 1,300. ಒಂದು ಯೂನಿಟ್ ಅಂದರೆ 3,600 ಕಿಲೋಜೌಲ್. ಕಂಪ್ರೆಸರ್ ಒಂದು ಯೂನಿಟ್ ತಿಂದು ಒಂದೂವರೆ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಶಾಖ ಹೊರಹಾಕುತ್ತದೆ ಎಂದು ಹಿಡಿದರೆ ಸರಿಯಾಗಿ 0.22ರ ಹತ್ತಿರ ಬರುತ್ತದೆ.

ಮೂರನೇ ಎರಡು ಭಾಗ ನೀರಿನ ಬಾಟ್ಲಿ. ಬಾಗಿಲು ಏಳರಲ್ಲಿ ಒಂದು ಭಾಗ ಅಷ್ಟೇ. ಮಕ್ಕಳನ್ನು ಬೈಯುವುದು ಅವತ್ತೇ ನಿಂತಿತು.

ಮರುದಿನ ಮಾರ್ಕೆಟ್‌ನಿಂದ ಒಂದು ಮಣ್ಣಿನ ಮಡಕೆ ತಂದೆವು, ನಲ್ಲಿ ಇರುವಂಥದ್ದು. ಮರಳು ತುಂಬಿದ ತಟ್ಟೆಯ ಮೇಲೆ ಕಿಟಕಿ ಪಕ್ಕ ಇಟ್ಟೆವು. ನಮ್ಮ ಕಡೆ ಏಪ್ರಿಲ್ ಗಾಳಿ ಒಣ, ಮಡಕೆ ಬೆವರಿ ಬೆವರಿ ನೀರು ತಂಪಾಗುತ್ತದೆ. ಎಂಟು ಬಾಟ್ಲಿಯಲ್ಲಿ ಆರು ಹೊರಗೆ ಬಂದವು. ಎರಡು ಮಾತ್ರ ಒಳಗೆ, ಮಧ್ಯಾಹ್ನ ಬಿಸಿಲಿನಿಂದ ಬರುವವರಿಗೆ. ಆ ವಾರದ ಸರಾಸರಿ 0.68ರಿಂದ 0.58ಕ್ಕೆ ಇಳಿಯಿತು. ಅತ್ತೆ ಮೊದಲಿಂದಲೂ ಮಡಕೆ ನೀರೇ ರುಚಿ ಎನ್ನುತ್ತಿದ್ದರು.

ಇದೇ ಲೆಕ್ಕ ಎಲ್ಲಾ ಕಡೆ ನಡೆಯುತ್ತದಾ? ಇಲ್ಲ. ನನ್ನ ಅಕ್ಕ ಕುಂದಾಪುರದಲ್ಲಿದ್ದಾಳೆ, ನನ್ನ ಮಾತು ಕೇಳಿ ಇದೇ ಮಾಡೆಲ್ ತಗೊಂಡಳು. ಮೇ ತಿಂಗಳಲ್ಲಿ ಹತ್ತು ದಿನ ಹೋದಾಗ ಮೀಟರ್ ಬ್ಯಾಗಿನಲ್ಲೇ ಇತ್ತು. ಅವಳ ಅಡುಗೆಮನೆ 31.5 ಡಿಗ್ರಿ, ನಮ್ಮದಕ್ಕಿಂತ ಕಡಿಮೆ. ಬಾವಿ ನೀರು ತಣ್ಣಗಿರುತ್ತದೆ, ಬಾಟ್ಲಿಯೂ ಮೂರೇ. ಬಾಗಿಲು ದಿನಕ್ಕೆ 50 ಸಲ. ನನ್ನ ದಾವಣಗೆರೆ ಲೆಕ್ಕದಲ್ಲಿ, ಮೀನು ಸಾರು ಅದು ಇದು ಸೇರಿಸಿ 0.52 ಬರಬೇಕಿತ್ತು. ಬಂದಿದ್ದು 0.59.

ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಫ್ರೀಜರ್ ಬಾಗಿಲು ತೆಗೆದು ನೋಡಿದರೆ ಉತ್ತರ ಅಲ್ಲೇ ಇತ್ತು. ನಾಲ್ಕೂ ಕಡೆ ಬೆರಳು ದಪ್ಪ ಹಿಮ, ಐಸ್ ಟ್ರೇ ಅಂಟಿಕೊಂಡು ಕೀಳಲು ಬರುತ್ತಿಲ್ಲ. ಹಿಮ ತೆಗೆದು ಒಂದು ವಾರ ಆಗಿತ್ತಂತೆ ಅಷ್ಟೇ. ನಮ್ಮ ಮನೆಯಲ್ಲಿ ಅಷ್ಟು ಕಟ್ಟಲು ಮೂರು ವಾರ ಬೇಕು.

ನಾನು ಬಿಟ್ಟಿದ್ದು ಅಲ್ಲಿನ ಗಾಳಿಯಲ್ಲಿ ಹೆಚ್ಚಿಗೆ ಇರುವ ನೀರನ್ನು. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ ಒಂದು ಕಿಲೋ ಗಾಳಿಯಲ್ಲಿ ಸುಮಾರು 10 ಗ್ರಾಂ ನೀರಾವಿ. ಕುಂದಾಪುರದ ಮೇ ಗಾಳಿಯಲ್ಲಿ 22 ಗ್ರಾಂ. ಫ್ರಿಜ್ ಒಳಗಿನ ತಂಪು ಗಾಳಿ ಹಿಡಿದುಕೊಳ್ಳುವುದು 5 ಗ್ರಾಂ ಮಾತ್ರ. ಉಳಿದದ್ದು ಒಳಗೆ ನೀರಾಗಬೇಕು ಅಥವಾ ಹಿಮವಾಗಬೇಕು, ಒಂದೊಂದು ಗ್ರಾಂ ನೀರಾಗುವಾಗಲೂ 2.5 ಕಿಲೋಜೌಲ್ ಬಿಡುತ್ತದೆ. ಆ ಶಾಖವನ್ನೂ ಕಂಪ್ರೆಸರ್ ಎತ್ತಿ ಹೊರಗೆ ಹಾಕಬೇಕು. ಲೆಕ್ಕ ಹಾಕಿದರೆ ಕುಂದಾಪುರದಲ್ಲಿ ಒಂದು ಸಲ ಬಾಗಿಲು ತೆಗೆದಿದ್ದಕ್ಕೆ ದಾವಣಗೆರೆಯ ಒಂದೂವರೆ ಪಟ್ಟಿಗೂ ಮೇಲೆ ಬೀಳುತ್ತದೆ, ಅಲ್ಲಿ ಬಿಸಿ ಕಡಿಮೆ ಇದ್ದರೂ. ಅದನ್ನು ಸೇರಿಸಿದರೆ 0.55 ಆಯಿತು. ಮತ್ತೆ ಆ ದಪ್ಪ ಹಿಮ ಒಂದು ಕಂಬಳಿ ಇದ್ದ ಹಾಗೆ, ತಂಪನ್ನು ಒಳಗೆ ಬಿಡುವುದಿಲ್ಲ. ಅವತ್ತು ರಾತ್ರಿ ಡಿಫ್ರಾಸ್ಟ್ ಬಟನ್ ಒತ್ತಿ, ಬೆಳಿಗ್ಗೆ ಒರೆಸಿದೆವು. ಮುಂದಿನ ಮೂರು ದಿನದ ಸರಾಸರಿ 0.56.

ಹಾಗಾಗಿ ಕರಾವಳಿಯವರಿಗೆ ನನ್ನ ಮಡಕೆ ಸಲಹೆ ಕೆಲಸಕ್ಕೆ ಬಾರದು, ಆ ತೇವದ ಗಾಳಿಯಲ್ಲಿ ಮಡಕೆಯ ಬೆವರು ಆರುವುದೇ ಕಡಿಮೆ. ಅವರು ಬಾಗಿಲು ಮತ್ತು ಹಿಮ ನೋಡಿಕೊಳ್ಳಬೇಕು. ಒಳನಾಡಿನವರು ಬಾಟ್ಲಿ ನೋಡಿಕೊಳ್ಳಬೇಕು. ಒಂದೇ ಫ್ರಿಜ್, ಎರಡು ಊರು, ಎರಡು ಬೇರೆ ಖರ್ಚು. ಪ್ರತಿ ವಾರ ಹಿಮ ತೆಗೆಯುವುದು ಬೇಜಾರು ಅನ್ನುವ ಕರಾವಳಿಯವರು ಡೈರೆಕ್ಟ್ ಕೂಲ್ ತಗೊಳ್ಳುವ ಮೊದಲು ಎರಡು ಸಲ ಯೋಚನೆ ಮಾಡಿ.

ಈಗ ದೂರು. ಜುಲೈಯಲ್ಲಿ ಅಡುಗೆಮನೆ 27 ಡಿಗ್ರಿ, ದಿನಕ್ಕೆ 0.42 ಬರುತ್ತಿತ್ತು, ಸರಿಯಾಗಿಯೇ ಇತ್ತು. ಆಮೇಲೆ 0.47. ನಂತರ 0.53. ಎರಡನೇ ವಾರದ ಕೊನೆಗೆ 0.55. ಬಿಸಿ ಏರಿಲ್ಲ, ಬಾಟ್ಲಿ ಏರಿಲ್ಲ. ನೋಟ್‌ಬುಕ್ ಇಲ್ಲದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ, ಯಾಕೆಂದರೆ ಹಾಲು ತಣ್ಣಗೇ ಇತ್ತು, ಶಬ್ದವೂ ಇರಲಿಲ್ಲ. ಹತ್ತು ರೂಪಾಯಿ ನೋಟನ್ನು ಬಾಗಿಲ ರಬ್ಬರ್‌ಗೆ ಸಿಕ್ಕಿಸಿ, ಬಾಗಿಲು ಮುಚ್ಚಿ, ಎಳೆದು ನೋಡುತ್ತಾ ಸುತ್ತ ಬಂದೆ. ಎಲ್ಲಾ ಕಡೆ ಗಟ್ಟಿ ಹಿಡಿಯಿತು. ಕೀಲಿನ ಕಡೆಯ ಕೆಳಗಿನ ಮೂಲೆಯಲ್ಲಿ ಮಾತ್ರ ನೋಟು ಸುಮ್ನೆ ಜಾರಿ ಬಂತು. ಮಂಡಿಯೂರಿ ಬೆರಳಿಟ್ಟು ನೋಡಿದರೆ ಅಲ್ಲಿ ತಂಪು ಗಾಳಿ ತಾಕುತ್ತಿತ್ತು, ರಬ್ಬರ್ ಅಕ್ಕಿಕಾಳಿನಷ್ಟು ಒಳಗೆ ಮಡಚಿಕೊಂಡಿತ್ತು.

ಕಂಪನಿಯ ಸರ್ವಿಸ್‌ಗೆ ಹೇಳಿದೆ. ಆರನೇ ದಿನ ಬಂದವರು, "ಮಳೆಗಾಲ ಅಲ್ವಾ ಮೇಡಂ, ಹಂಗೇ ಇರತ್ತೆ" ಎಂದು ಹೋದರು. ಎರಡನೇ ಸಲ ಬಂದವರು ಡಯಲ್ ತಿರುಗಿಸಿ ಹೋದರು. ಮೂರನೇ ಸಲ ಬಂದ ಹುಡುಗನಿಗೆ ನೋಟ್‌ಬುಕ್ ತೋರಿಸಿದೆ. ಅವನು ನಿಧಾನವಾಗಿ ಓದಿ, ತಾನೇ ನೋಟು ಸಿಕ್ಕಿಸಿ ನೋಡಿ, ರಬ್ಬರ್ ಪೂರ್ತಿ ಬದಲಿಸಿದ. ದೂರು ಕೊಟ್ಟ 19ನೇ ದಿನ. ವಾರಂಟಿ ಇದ್ದುದರಿಂದ ದುಡ್ಡು ತಗೊಳ್ಳಲಿಲ್ಲ. ಮರುದಿನದಿಂದ ಮತ್ತೆ 0.42. ಫ್ರಿಜ್‌ಗೆ ನಾನು ಪೂರ್ತಿ ಅಂಕ ಕೊಡದಿರುವುದಕ್ಕೆ ಈ 19 ದಿನವೇ ಕಾರಣ. ಹೊಸ ಫ್ರಿಜ್‌ನ ರಬ್ಬರ್ ಒಂಬತ್ತು ತಿಂಗಳಿಗೆ ಮಡಚಿಕೊಳ್ಳಬಾರದು.

ಇನ್ನೆರಡು ಸಣ್ಣ ವಿಷಯ. ಡೆಲಿವರಿಯವರು ಫ್ರಿಜ್ ಅನ್ನು ಗೋಡೆ ಮತ್ತು ಕಪಾಟಿನ ನಡುವೆ ಬಿಗಿಯಾಗಿ ತಳ್ಳಿ ಹೋಗಿದ್ದರು. ಇದರ ಬಿಸಿ ಕೊಳವೆಗಳು ಎರಡು ಪಕ್ಕದ ತಗಡಿನ ಒಳಗಿವೆ, ಹಳೆಯ ಫ್ರಿಜ್ ಹಾಗೆ ಹಿಂದೆ ಜಾಲರಿ ಇಲ್ಲ. ಪಕ್ಕಕ್ಕೆ ಗಾಳಿ ಬೇಕೇ ಬೇಕು. ನಾಲ್ಕು ಬೆರಳು ಜಾಗ ಬಿಟ್ಟ ಮೇಲೆ ದಿನಕ್ಕೆ 0.03 ಇಳಿಯಿತು.

ಎರಡನೆಯದು ಸ್ಟೆಬಿಲೈಜರ್. ಅಂಗಡಿಯಲ್ಲಿ ಬೇಕೇ ಬೇಕು ಎಂದು ಹಿಡಿಸಿದರು. ಮೀಟರನ್ನು ಸ್ಟೆಬಿಲೈಜರ್‌ಗಿಂತ ಮೊದಲು ಹಾಕಿ ನೋಡಿದೆ, ಆಮೇಲೆ ಹಾಕಿ ನೋಡಿದೆ. ಅದೊಂದೇ ಹಗಲು ರಾತ್ರಿ 4 ವ್ಯಾಟ್ ತಿನ್ನುತ್ತದೆ. ವರ್ಷಕ್ಕೆ 35 ಯೂನಿಟ್! ಫ್ರಿಜ್‌ನ ಖರ್ಚಿನ ಐದನೇ ಒಂದು ಭಾಗ. ಮ್ಯಾನುಯಲ್‌ನಲ್ಲಿ ಸ್ಟೆಬಿಲೈಜರ್ ಇಲ್ಲದೆ ನಡೆಯುವ ವೋಲ್ಟೇಜ್ ಎಷ್ಟರಿಂದ ಎಷ್ಟು ಎಂದು ಬರೆದಿರುತ್ತಾರೆ, ನಮ್ಮ ಬೀದಿಯ ವೋಲ್ಟೇಜ್ ಅದರೊಳಗೇ ಇತ್ತು. ತೆಗೆದಿಟ್ಟೆವು. ವೋಲ್ಟೇಜ್ ತುಂಬಾ ಏರುಪೇರಾಗುವ ಹಳ್ಳಿ ಕಡೆ ತೆಗೆಯಬೇಡಿ, ಕಂಪ್ರೆಸರ್ ಸುಟ್ಟರೆ ಆ 35 ಯೂನಿಟ್ ಏನೂ ಅಲ್ಲ.

ಒಟ್ಟು ಒಂದು ವರ್ಷಕ್ಕೆ ಫ್ರಿಜ್ ತಿಂದಿದ್ದು 173 ಯೂನಿಟ್. ತಿಂಗಳಿಗೆ 14 ಚಿಲ್ಲರೆ. ಹಳೆಯದರ 42ಕ್ಕೆ ಹೋಲಿಸಿದರೆ ತಿಂಗಳಿಗೆ 27 ಯೂನಿಟ್ ಮಿಕ್ಕಿತು. ಗೃಹಜ್ಯೋತಿ ಇರುವವರಿಗೆ ಇದು ದೊಡ್ಡ ಮಾತು. ನಮ್ಮ ಮಿತಿ 2022-23ರ ಸರಾಸರಿಗೆ ಶೇ 10 ಸೇರಿಸಿ ಬಂದದ್ದು, ಆ ಸರಾಸರಿಯಲ್ಲಿ ಹಳೇ ಫ್ರಿಜ್‌ನ ಖರ್ಚೂ ಸೇರಿದೆ. ಮೊದಲು ಬೇಸಿಗೆಯಲ್ಲಿ ಮಿತಿ ದಾಟಿ ದುಡ್ಡು ಕಟ್ಟುತ್ತಿದ್ದೆವು. ಈ ಸಲ ರಾತ್ರಿ ಕೂಲರ್ ಹಾಕಿಯೂ ದಾಟಲಿಲ್ಲ.

5 ಸ್ಟಾರ್ ತಗೊಳ್ಳಬೇಕಿತ್ತಾ ಎಂದು ಕೇಳುತ್ತಾರೆ. ಅದೇ ಅಂಗಡಿಯಲ್ಲಿ ಇದೇ ಅಳತೆಯ 5 ಸ್ಟಾರ್‌ನ ಲೇಬಲ್‌ನಲ್ಲಿ 114 ಯೂನಿಟ್ ಇತ್ತು, 3,200 ರೂ. ಜಾಸ್ತಿ. ವರ್ಷಕ್ಕೆ 40 ಯೂನಿಟ್ ಉಳಿತಾಯ, ಯೂನಿಟ್‌ಗೆ 6 ರೂ. ಹಿಡಿದರೆ 240. ಹಾಕಿದ ದುಡ್ಡು ವಾಪಸ್ ಬರಲು 13 ವರ್ಷ. ನಮಗೆ 3 ಸ್ಟಾರ್ ಸರಿಹೋಯಿತು. ಆದರೆ ಸ್ಟಾರ್ ಎಣಿಸುವುದಕ್ಕಿಂತ ಕೆಳಗೆ ಬರೆದಿರುವ ಯೂನಿಟ್ ನೋಡಿ, ಲೇಬಲ್‌ನ ಅವಧಿಯನ್ನೂ ನೋಡಿ. ಸ್ಟಾರ್ ಕೊಡುವ ನಿಯಮವನ್ನು ಆಗಾಗ ಬಿಗಿ ಮಾಡುತ್ತಾರೆ, ಹಿಂದೆ 5 ಸ್ಟಾರ್ ಇದ್ದದ್ದು ಈಗ 3 ಆಗಿರಬಹುದು. ಯೂನಿಟ್ ಮಾತ್ರ ಬದಲಾಗುವುದಿಲ್ಲ.

ಉಳಿದಂತೆ, ಶಬ್ದ ಇಲ್ಲವೆನ್ನುವಷ್ಟು ಕಡಿಮೆ. ತರಕಾರಿ ಡಬ್ಬ ದೊಡ್ಡದು, ಕೊತ್ತಂಬರಿ ಐದು ದಿನ ಬಾಡುವುದಿಲ್ಲ. ಡಯಲ್‌ನಲ್ಲಿ ಡಿಗ್ರಿ ಬರೆದಿಲ್ಲ, ಬರೀ 1ರಿಂದ 5, ಅದು ನನಗೆ ಹಿಡಿಸಲಿಲ್ಲ. ನಾವು ವರ್ಷ ಪೂರ್ತಿ 3ರಲ್ಲೇ ಇಟ್ಟಿದ್ದೆವು. ಬಾಗಿಲಿನ ಮೇಲಿನ ತಟ್ಟೆಗೆ ಮಾತ್ರ ಎತ್ತರದ ಬಾಟ್ಲಿ ಹಿಡಿಸುವುದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ತಗೊಳ್ಳುವವರು ಡೆಲಿವರಿಯವರು ಇನ್ನೂ ಮನೆಯಲ್ಲಿದ್ದಾಗಲೇ ನೋಟು ಸಿಕ್ಕಿಸಿ ಬಾಗಿಲ ಸುತ್ತ ಒಂದು ಸಲ ಎಳೆದು ನೋಡಿ, ಕೀಲಿನ ಕಡೆಯ ಕೆಳಗಿನ ಮೂಲೆಯನ್ನು ಬಿಡಬೇಡಿ. ಸದ್ಯಕ್ಕೆ ನನ್ನ ಮೀಟರ್ ಅಕ್ಕನ ಮನೆಯಲ್ಲಿದೆ. ಈ ಮಳೆಗಾಲ ಪೂರ್ತಿ ಅವಳು ಬರೆಯುತ್ತಾಳೆ, ಕುಂದಾಪುರದ ಅಂಕಿ ಬಂದ ಮೇಲೆ ಇಲ್ಲೇ ಸೇರಿಸುತ್ತೇನೆ.